ಹನ್ನೊಂದು ಗಜಕ್ಕೆ ನಿಂತ ಕೈ

ಜೂನ್ ತಿಂಗಳ ಶನಿವಾರ, ಬೆಳಗಿನ ಐದೂವರೆ. ಸ್ಯಾನ್ ಡಿಯಾಗೋದ ಮೀರಾ ಮೆಸಾದಲ್ಲಿ ಕಡಲ ಕಡೆಯಿಂದ ಬಂದ ಮೋಡ ನೆಲಕ್ಕೇ ಕವುಚಿಕೊಂಡಿದೆ. ಪಾರ್ಕಿನ ಹುಲ್ಲಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರುಗಳು ಈಗಷ್ಟೇ ನಿಂತಿವೆ. ಫುಟ್‌ಬಾಲ್ ಮೈದಾನದ ಮೂಲೆಯಲ್ಲಿ ಆರಡಿ ಮೀರಿದ ಬಿಳಿಯರೊಬ್ಬರು, ಬಲ ಮೊಣಕಾಲು ಪೂರ್ತಿ ಮಡಚಲು ಬಾರದೆ ಓರೆಯಾಗಿ ಕೂತು, ನೆಲಕ್ಕೆ ಮೊಳೆ ಹೊಡೆದು ದಾರ ಕಟ್ಟುತ್ತಿದ್ದಾರೆ. ಆಚೆ ತುದಿಯಲ್ಲಿ ಸ್ವೆಟರು, ಮಂಕಿ ಟೋಪಿ ತೊಟ್ಟ ಎಪ್ಪತ್ತೊಂದರ ಹಿರಿಯರೊಬ್ಬರು ಅಳತೆ ಟೇಪಿನ ತಲೆ ಹಿಡಿದು ಕುಕ್ಕರಗಾಲಿನಲ್ಲಿ ಕೂತಿದ್ದಾರೆ.

"ಜಗ್ರೀ ಸಾಹೇಬ್ರ, ಇನ್ನೂ ಸ್ವಲ್ಪ ಬಿಗಿ ಜಗ್ರಿ," ಎನ್ನುತ್ತಾರೆ ಟೋಪಿಯವರು.

ಬಿಳಿಯರು ಜರ್ಮನ್ ಭಾಷೆಯಲ್ಲಿ ಏನೋ ಉತ್ತರ ಕೊಟ್ಟು ಟೇಪು ಎಳೆಯುತ್ತಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ಒಂದಕ್ಷರ ತಿಳಿಯದು. ಆದರೂ ಏಳು ಗಂಟೆಯೊಳಗೆ ಮೈದಾನಕ್ಕೆ ಗೆರೆ ಬಿದ್ದಿರುತ್ತದೆ. ಎಂಟಕ್ಕೆ ಮಕ್ಕಳು ಬರುತ್ತಾರೆ, ಕುರ್ಚಿ, ಕಾಫಿ ಹಿಡಿದು ಅಪ್ಪ ಅಮ್ಮಂದಿರು ಬರುತ್ತಾರೆ. ಗೆರೆ ಎಳೆದವರು ಯಾರೆಂದು ಅವರಲ್ಲಿ ಯಾರೂ ಕೇಳುವುದಿಲ್ಲ.

ಎಳೆದವರು ಡೆಟ್ಲೆಫ್ ಹಾಂಕೆ, ವಯಸ್ಸು ಐವತ್ತೊಂಬತ್ತು. ಒಂದು ಕಾಲದಲ್ಲಿ ಜರ್ಮನಿಯಲ್ಲಿ ಹೊಟ್ಟೆಪಾಡಿಗೇ ಫುಟ್‌ಬಾಲ್ ಆಡಿದವರು. ಟೇಪಿನ ತಲೆ ಹಿಡಿದವರು ಹಾವೇರಿಯ ಶಿವರುದ್ರಪ್ಪ, ಭೂಮಾಪನ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸರ್ವೆಯರ್ ಆಗಿದ್ದವರು. ಮಗಳ ಮನೆಗೆ ಆರು ತಿಂಗಳ ಮಟ್ಟಿಗೆ ಬಂದಿದ್ದಾರೆ. ಈ ಇಬ್ಬರು ಒಂದೇ ಟೇಪಿನ ಎರಡು ತುದಿಗೆ ಬಂದದ್ದು ಸ್ನೇಹದಿಂದಲ್ಲ, ಒಂದು ತಪ್ಪಿನಿಂದ. ಅದಕ್ಕೆ ಆಮೇಲೆ ಬರೋಣ.

ಮೊದಲು ಲೆಕ್ಕ. ದೊಡ್ಡ ಮೈದಾನವೊಂದರ ಅಂಚು, ನಡುಗೆರೆ, ವೃತ್ತ, ಎರಡೂ ಗೋಲಿನ ಮುಂದಿನ ಚೌಕಗಳು ಎಲ್ಲ ಸೇರಿ ಸುಮಾರು ಏಳುನೂರೈವತ್ತು ಗಜ ಗೆರೆ. ಇಂಥವು ನಾಲ್ಕು ಮೈದಾನ. ಬಣ್ಣದ ಗಾಡಿ ತಳ್ಳುವ ಮುಂಚೆ ಅಷ್ಟೂ ಉದ್ದಕ್ಕೆ ದಾರ ಎಳೆಯಬೇಕು, ಆಮೇಲೆ ಸುತ್ತಿಡಬೇಕು. ನಡುವೆ ಗೋಫರ್ ಎಂಬ ಪ್ರಾಣಿ ರಾತ್ರಿಯೆಲ್ಲ ಬಿಲ ತೋಡಿ ಗುಡ್ಡೆ ಹಾಕಿದ ಮಣ್ಣನ್ನು ಕಾಲಿನಿಂದ ತುಳಿದು ಸಮ ಮಾಡಬೇಕು. ಎರಡು ಸಲ ಆಪರೇಷನ್ ಆದ ಮೊಣಕಾಲಿನಲ್ಲಿ ಡೆಟ್ಲೆಫ್ ಹದಿನಾರು ವರ್ಷದಿಂದ ಇದನ್ನು ಮಾಡುತ್ತಿದ್ದಾರೆ. ಶನಿವಾರದ ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಬೂಟುಗಳು ಎಲ್ಲವನ್ನೂ ಅಳಿಸಿರುತ್ತವೆ.

ಗಾಡಿಯ ಹಿಡಿಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕಾಗದ ಅಂಟಿಸಿದೆ. ಅದರಲ್ಲಿ ದಪ್ಪ ಅಕ್ಷರದಲ್ಲಿ ಅಂಕಿಗಳಿವೆ: ನೂರಹತ್ತು, ಎಪ್ಪತ್ತು, ಹದಿನೆಂಟು, ಆರು, ಹನ್ನೆರಡು. ಹನ್ನೆರಡರ ಕೆಳಗೆ ಕೆಂಪು ಶಾಯಿಯಲ್ಲಿ ಮೂರು ಗೀಟು ಎಳೆದಿದೆ. ಇಷ್ಟು ವರ್ಷ ಮಾಡಿದ ಕೆಲಸಕ್ಕೆ ಚೀಟಿ ಯಾಕೆ ಎಂದು ಯಾರಿಗಾದರೂ ಅನ್ನಿಸಬೇಕಿತ್ತು. ಒಬ್ಬರಿಗೆ ಅನ್ನಿಸಿತ್ತು, ಅವರು ಬಾಯಿ ಬಿಡಲಿಲ್ಲ.

ಡೆಟ್ಲೆಫ್ ಹುಟ್ಟಿದ್ದು ಪಶ್ಚಿಮ ಜರ್ಮನಿಯ ಕಲ್ಲಿದ್ದಲ ಊರಿನಲ್ಲಿ. ಅಪ್ಪ ಗಣಿಗೆ ಇಳಿಯುತ್ತಿದ್ದರು. ಮಗ ಹತ್ತೊಂಬತ್ತಕ್ಕೆ ಊರಿನ ಕ್ಲಬ್ಬಿನ ತಂಡಕ್ಕೆ ಸೇರಿ ಹನ್ನೆರಡು ವರ್ಷ ಡಿಫೆಂಡರ್ ಆಗಿ ಆಡಿದರು. ಡಿಫೆಂಡರ್ ಅಂದರೆ ಗೋಲಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವವನು. ಎರಡನೇ ದರ್ಜೆಯ ಲೀಗಿನಲ್ಲಿ ಇನ್ನೂರ ನಲವತ್ತೊಂದು ಪಂದ್ಯ. ಹೊಡೆದ ಗೋಲು ಎರಡು. ತಮ್ಮದೇ ಗೋಲಿಗೆ ತಾವೇ ಹೊಡೆದದ್ದು ಮೂರು. "ಎರಡೂ ಕಡೆಯವರಿಗೆ ಸಹಾಯ ಮಾಡಿದೀನಿ," ಎಂದು ಇಂಗ್ಲಿಷಿನಲ್ಲಿ ಹೇಳಿ ನಗುತ್ತಾರೆ. ಈ ಮಾತು ಒಂದು ಗಂಟೆಯೊಳಗೆ ಮತ್ತೆ ಬರುತ್ತದೆ, ಅದೇ ನಗುವಿನೊಂದಿಗೆ. ಕೇಳುವವರೂ ಮತ್ತೆ ನಗುತ್ತಾರೆ.

ಊರಿನ ಪೇಪರಿನಲ್ಲಿ ಅವರ ಹೆಸರು ದೊಡ್ಡಕ್ಷರದಲ್ಲಿ ಬಂದದ್ದು ಒಂದೇ ಸಲ. 1991ರ ಮೇ ತಿಂಗಳು, ಋತುವಿನ ಕೊನೆಯ ಪಂದ್ಯ, ಸಮ ಮಾಡಿಕೊಂಡರೂ ತಂಡ ಲೀಗಿನಲ್ಲಿ ಉಳಿಯುತ್ತಿತ್ತು. ಎಂಬತ್ತೊಂಬತ್ತನೆಯ ನಿಮಿಷದಲ್ಲಿ ಡೆಟ್ಲೆಫ್ ಒಬ್ಬನ ಕಾಲಿಗೆ ಕಾಲು ಕೊಟ್ಟರು. ಪೆನಾಲ್ಟಿ, ಗೋಲು, ತಂಡ ಕೆಳಗಿನ ದರ್ಜೆಗೆ. ಆ ವಾರ ಅವರ ತಾಯಿಗೆ ಬೇಕರಿಯಲ್ಲಿ ಬ್ರೆಡ್ ಕೊಡುವವಳು ಮುಖ ಕೊಟ್ಟು ಮಾತಾಡಲಿಲ್ಲವಂತೆ.

"ಡಿಫೆಂಡರ್ ಹೆಸರು ಪೇಪರಲ್ಲಿ ಬಂತು ಅಂದ್ರೆ ಅವನೇನೋ ತಪ್ಪು ಮಾಡಿದಾನೆ ಅಂತಲೇ ಅರ್ಥ," ಎನ್ನುತ್ತಾರೆ ಡೆಟ್ಲೆಫ್. "ಒಳ್ಳೇ ಡಿಫೆಂಡರ್ ಹೆಸರು ಯಾರಿಗೂ ಗೊತ್ತಿರಲ್ಲ. ನನ್ನ ಹೆಸರು ಇನ್ನೂರ ನಲವತ್ತು ಪಂದ್ಯದಲ್ಲಿ ಯಾರಿಗೂ ಗೊತ್ತಿರಲಿಲ್ಲ."

1997ರಲ್ಲಿ ಲಾಸ್ ಏಂಜಲೀಸಿನ ಒಂದು ಸಣ್ಣ ತಂಡ ಕರೆಯಿತೆಂದು ಹೆಂಡತಿ ಮಗಳೊಂದಿಗೆ ಬಂದರು. ಎರಡು ವರ್ಷ ಆಡುವಷ್ಟರಲ್ಲಿ ಮೊಣಕಾಲು ಹೋಯಿತು, ತಂಡವೂ ಮುಚ್ಚಿತು. ಮುಂದೆ ಅದೇ ನಗರದ ವುಡ್‌ಲ್ಯಾಂಡ್ ಹಿಲ್ಸಿನಲ್ಲಿ ಮಕ್ಕಳಿಗೆ ಆಟ ಕಲಿಸಿದರು, ಹೆಂಡತಿ ಬೇರೆಯಾದಳು, 2009ರಲ್ಲಿ ಸ್ಯಾನ್ ಡಿಯಾಗೋಗೆ ಇಳಿದರು. ಸಂಜೆ ಮಕ್ಕಳಿಗೆ ಕೋಚಿಂಗ್, ಶನಿವಾರ ಬೆಳಿಗ್ಗೆ ಗೆರೆ. ಮೀರಾ ಮೆಸಾದಲ್ಲಿ ಬೆಳೆದ ಕನ್ನಡದ ಮಕ್ಕಳಲ್ಲಿ ಅರ್ಧಕ್ಕರ್ಧ ಜನ 'ಕೋಚ್ ಡೆಟ್' ಕೈಯಲ್ಲಿ ಒದೆಯಲು ಕಲಿತವರೇ. ಅವರ ಅಮ್ಮಂದಿರಿಂದ ಕೋಚ್ ಕಲಿತದ್ದು ಎರಡು ಕನ್ನಡ ಮಾತು, 'ಬಾ' ಮತ್ತು 'ಸಾಕು'. ಈಗ ಶಿವರುದ್ರಪ್ಪನವರಿಂದ 'ಜಗ್ಗು' ಸೇರಿದೆ.

ಇನ್ನೊಂದು ಲೆಕ್ಕವಿದೆ. ಅದನ್ನು ಡೆಟ್ಲೆಫ್ ಯಾವ ಚೀಟಿಯೂ ಇಲ್ಲದೆ ಹೇಳುತ್ತಾರೆ. ಗಾಳಿಯಲ್ಲಿ ಬಂದ ಚೆಂಡನ್ನು ತಲೆಯಿಂದ ಹೊಡೆಯುವುದು ಡಿಫೆಂಡರನ ಕೂಲಿ ಕೆಲಸ. ಅವರ ಕ್ಲಬ್ಬಿನಲ್ಲಿ ತೊಲೆಗೆ ಹಗ್ಗ ಕಟ್ಟಿ ಚೆಂಡು ನೇತುಹಾಕಿ ಹೊಡೆಸುತ್ತಿದ್ದರು. ದಿನಕ್ಕೆ ಅರವತ್ತು, ವಾರಕ್ಕೆ ಐದು ದಿನ, ವರ್ಷಕ್ಕೆ ನಲವತ್ತು ವಾರ, ಹದಿನಾಲ್ಕು ವರ್ಷ. ಒಟ್ಟು ಒಂದು ಲಕ್ಷ ಅರವತ್ತೆಂಟು ಸಾವಿರ, ಅದೂ ಪಂದ್ಯಗಳನ್ನು ಬಿಟ್ಟು.

"ನಮ್ಮ ಕೋಚ್ ಹೇಳ್ತಿದ್ರು, ನಿನಗೆ ತಲೆ ಇರೋದೇ ಇದಕ್ಕೆ ಅಂತ," ಎನ್ನುತ್ತಾರೆ. "ನಾನು ನಂಬಿದೆ. ಆಮೇಲೆ ನಾನೂ ಗ್ಯಾರೇಜಲ್ಲಿ ಹಗ್ಗ ಕಟ್ಟಿ ಮಗಳಿಗೆ ಹೊಡೆಸಿದೆ. ಅವಳು ಚೆನ್ನಾಗಿ ಹೊಡೀತಿದ್ದಳು."

ಮಗಳು ಸಬೀನೆಗೆ ಈಗ ಮೂವತ್ತೆರಡು, ವುಡ್‌ಲ್ಯಾಂಡ್ ಹಿಲ್ಸಿನ ಇನ್ಶೂರೆನ್ಸ್ ಕಚೇರಿಯೊಂದರಲ್ಲಿ ಕೆಲಸ. ಡೆಟ್ಲೆಫ್ ದಿನಾ ಫೋನ್ ಮಾಡಿ ಮೊದಲು ಕೇಳುವುದು ಒಂದೇ ಪ್ರಶ್ನೆ, ತಲೆ ನೋಯುತ್ತಿದೆಯೇ ಎಂದು. ಇಲ್ಲ ಅಪ್ಪ ಎನ್ನುತ್ತಾಳೆ. ಹತ್ತು ನಿಮಿಷಕ್ಕೆ ಮತ್ತೆ ಕೇಳುತ್ತಾರೆ. ಮೆದುಳಿಗೆ ಪೆಟ್ಟೆಂದು ಅಮೆರಿಕದಲ್ಲಿ ಹತ್ತು ವರ್ಷದೊಳಗಿನ ಮಕ್ಕಳು ತಲೆಯಿಂದ ಚೆಂಡು ಹೊಡೆಯಬಾರದೆಂಬ ನಿಯಮ ಈಚೆಗೆ ಬಂದಿದೆ. ಸಬೀನೆಯ ಕಾಲಕ್ಕೆ ಅದಿರಲಿಲ್ಲ. ಅವಳ ತಲೆಯಲ್ಲಿ ಏನಿದೆಯೋ ಯಾರಿಗೂ ತಿಳಿಯದು, ಮತ್ತು ಆ ತಿಳಿಯದಿರುವುದೇ ಈ ಮನುಷ್ಯನನ್ನು ಕಾಯಿಲೆಗಿಂತ ಮುಂಚೆ ತಿನ್ನುತ್ತಿದೆ.

ಮರೆವು ಶುರುವಾದದ್ದು 2020ರಲ್ಲಿ ಇರಬೇಕು. ಕೋವಿಡ್ ಬಂದು ಪಾರ್ಕಿಗೆಲ್ಲ ಬೀಗ ಬಿದ್ದಿತ್ತು. ಆಟವಿಲ್ಲ, ಮಕ್ಕಳಿಲ್ಲ, ಮನೆಯಲ್ಲಿ ಒಬ್ಬರೇ. ಒಲೆ ಆರಿಸಲು ಮರೆತರೆ ಬೈಯಲಿಕ್ಕೂ ಜನವಿಲ್ಲ. ಮುಂದಿನ ವರ್ಷ ಮೈದಾನ ತೆರೆದಾಗ ಮಕ್ಕಳ ಹೆಸರು ತಪ್ಪಿ ಹೋಗತೊಡಗಿತು. ಒಂದೂವರೆ ವರ್ಷ ಬಿಟ್ಟು ಬಂದವರಿಗೆ ಹೆಸರು ಮರೆಯುವುದು ಸಹಜ ಎಂದು ಎಲ್ಲರೂ ಅಂದುಕೊಂಡರು, ಡೆಟ್ಲೆಫ್ ಕೂಡ ಹಾಗೆಯೇ ಅಂದುಕೊಂಡರು.

ಹಾಗೆ ಅಂದುಕೊಳ್ಳದೆ ಇದ್ದವರು ಗೌರಿ, ಶಿವರುದ್ರಪ್ಪನವರ ಮಗಳು. ಮೀರಾ ಮೆಸಾದ ಮಕ್ಕಳ ಲೀಗಿನಲ್ಲಿ ಮೈದಾನಗಳ ಉಸ್ತುವಾರಿ ಅವರದು, ಸಂಬಳವಿಲ್ಲದ ಕೆಲಸ. ಸಂಬಳದ ಕೆಲಸ ಟೊರ್ರಿ ಪೈನ್ಸಿನ ಒಂದು ಸಂಶೋಧನಾ ಸಂಸ್ಥೆಯ ಲ್ಯಾಬಿನಲ್ಲಿ: ಮರೆವಿನ ಕಾಯಿಲೆಯ ಗುಟ್ಟು ತಿಳಿಯಲು ಇಲಿಯ ಮೆದುಳನ್ನು ಕಾಗದಕ್ಕಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಗಾಜಿನ ಮೇಲೆ ಹಚ್ಚುವುದು. 2023ರಲ್ಲಿ ಗಾಡಿಯ ಮೇಲಿನ ಚೀಟಿಯನ್ನು ಮೊದಲು ಕಂಡವರೂ ಅವರೇ.

"ನೋಡಿದ ಕೂಡಲೇ ಎದಿ ಧಸಕ್ ಅಂತು," ಎನ್ನುತ್ತಾರೆ ಗೌರಿ. "ಆದ್ರ ಏನಂತ ಹೇಳೂದು? ಕಮಿಟಿಗೆ ಹೇಳಿದ್ರ ಇನ್ಶೂರೆನ್ಸ್ ಅಂತಾರ, ಕೆಲಸಾ ಬಿಡಸ್ತಾರ. ಕೋಚಿಂಗ್ ಆಗ್ಲೇ ಹೋಗಿತ್ತು. ಆ ಮನಷ್ಯಾಗ ಉಳದದ್ದು ಇದೊಂದs. ನಾ ಸುಮ್ನಾದೆ. ದಿನಾ ಲ್ಯಾಬ್‌ನ್ಯಾಗ ಅದನ್ನ ನೋಡಾಕಿ, ನಾನs ಸುಮ್ನಾದೆ."

ತಪ್ಪು ಆದದ್ದು 2024ರ ನವೆಂಬರಿನಲ್ಲಿ. ಹದಿನಾಲ್ಕರೊಳಗಿನ ಹುಡುಗಿಯರ ಕಪ್ ಪಂದ್ಯ. ಮೀರಾ ಮೆಸಾ ತಂಡದ ಗೋಲ್‌ಕೀಪರ್ ಗೌರಿಯವರ ಮಗಳು ವೈಷ್ಣವಿ. ಸಮವಾಗಿದ್ದ ಪಂದ್ಯದ ಕೊನೆಗೆ ಎದುರು ತಂಡಕ್ಕೆ ಪೆನಾಲ್ಟಿ ಸಿಕ್ಕಿತು. ಚುಕ್ಕೆಯ ಮೇಲೆ ಚೆಂಡಿಟ್ಟು ಒದ್ದರು, ಗೋಲಾಯಿತು, ಕಪ್ ಹೋಯಿತು.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಮೀರಾ ಮೆಸಾದಲ್ಲಿ ಇಂಜಿನಿಯರುಗಳಿಗೆ ಬರವೇ? ಟೆಲಿಕಾಂ ಕಂಪನಿಯ ನರಹರಿ, ಇನ್ನೊಬ್ಬ ಆಟಗಾರ್ತಿಯ ಅಪ್ಪ, ಚುಕ್ಕೆ ಯಾಕೋ ಹತ್ತಿರವಿದೆ ಎಂದು ಹೆಜ್ಜೆ ಹಾಕಿ ನೋಡಿದರು. ಕಾರಿನಿಂದ ಲೇಸರ್ ಅಳತೆಯ ಯಂತ್ರ ತಂದರು. ಗೋಲಿನಿಂದ ಹನ್ನೆರಡು ಗಜ ಇರಬೇಕಾದ ಚುಕ್ಕೆ ಹನ್ನೊಂದು ಗಜಕ್ಕಿತ್ತು. ಆಚೆ ಗೋಲಿನದೂ ಹನ್ನೊಂದು. ಪಕ್ಕದ ಮೂರು ಮೈದಾನಗಳಿಗೂ ಹೋಗಿ ಅಳೆದರು. ಎಂಟೂ ಚುಕ್ಕೆ ಹನ್ನೊಂದಕ್ಕೇ, ಒಂದು ಬೆರಳೂ ಆಚೀಚೆ ಇಲ್ಲದ ಹಾಗೆ. ಆ ರಾತ್ರಿಯೊಳಗೆ ನಲವತ್ತಮೂರು ಈಮೇಲ್ ಓಡಾಡಿದವು.

"ನಾನು ಟೆಸ್ಟಿಂಗಲ್ಲಿರೋನು, ತಪ್ಪು ಕಂಡ್ರೆ ಸುಮ್ನಿರಕ್ಕೆ ಬರಲ್ಲ," ಎನ್ನುತ್ತಾರೆ ನರಹರಿ. "ಯಾರೋ ಕೇರ್‌ಲೆಸ್ ಆಗಿ ಮಾಡಿದಾರೆ ಅಂದ್ಕೊಂಡೆ. ಈಗ ಅನ್ಸತ್ತೆ, ಅವತ್ತು ಅಳೀಬಾರದಿತ್ತು."

ಅಜಾಗರೂಕತೆಯಾಗಿದ್ದರೆ ಎಂಟು ಚುಕ್ಕೆ ಎಂಟು ಕಡೆ ಇರುತ್ತಿದ್ದವು. ಜರ್ಮನಿಯಲ್ಲಿ ಪೆನಾಲ್ಟಿ ಒದೆಯುವ ದೂರ ಹನ್ನೊಂದು ಮೀಟರ್. ಹನ್ನೊಂದು ಮೀಟರೂ ಅಮೆರಿಕದ ಹನ್ನೆರಡು ಗಜವೂ ಹೆಚ್ಚೂಕಡಿಮೆ ಒಂದೇ. ಅಲ್ಲಿಯ ಮಕ್ಕಳಿಗೆ ಆ ಹನ್ನೊಂದು ಅಮ್ಮ ಅಪ್ಪ ಅನ್ನುವಷ್ಟು ಬೇಗ ಬಾಯಿಗೆ ಬರುತ್ತದೆ. ಇಪ್ಪತ್ತೇಳು ವರ್ಷ ಅಮೆರಿಕದಲ್ಲಿದ್ದು ಗಜಕ್ಕೆ ಪಳಗಿದ್ದ ಕೈ ಆ ಬೆಳಿಗ್ಗೆ ಗಜದ ಟೇಪನ್ನೇ ಹಿಡಿದಿತ್ತು. ತಲೆ ಮಾತ್ರ ಕಲ್ಲಿದ್ದಲ ಊರಿಗೆ ಹೋಗಿ, ಹನ್ನೊಂದಕ್ಕೆ ನಿಲ್ಲು ಎಂದಿತ್ತು. ಎದುರಿಗೇ ಅಂಟಿಸಿದ್ದ ಚೀಟಿಯನ್ನು ನೋಡಲು ಅವರು ಮರೆತಿದ್ದರು.

ಗೌರಿಗೆ ಹನ್ನೊಂದು ಎಂಬ ಮಾತು ಕೇಳಿದೊಡನೆ ಎಲ್ಲ ತಿಳಿಯಿತು. "ಆಮ್ಯಾಲ ಕಲ್ತದ್ದು ಮೊದ್ಲ ಹೋಗ್ತದ, ಹಳೇದು ಉಳೀತದ," ಎನ್ನುತ್ತಾರೆ. ಮನೆಗೆ ಹೋಗುವಾಗ ಕಾರಿನಲ್ಲಿ ಅತ್ತರು. ಹಿಂದೆ ಕೂತಿದ್ದ ವೈಷ್ಣವಿ ಅಮ್ಮ ಅಳುವುದು ಕಪ್ಪಿಗಾಗಿ ಅಂದುಕೊಂಡಳು. "ಇಟ್ಸ್ ಓಕೆ ಅಮ್ಮಾ, ಐ ಡೈವ್ಡ್ ದ ರಾಂಗ್ ವೇ ಎನಿವೇ," ಎಂದಳು. ತಾನೇ ತಪ್ಪು ದಿಕ್ಕಿಗೆ ಹಾರಿದೆನೆಂದು ಹದಿಮೂರರ ಹುಡುಗಿ ಅಮ್ಮನಿಗೆ ಸಮಾಧಾನ ಹೇಳಿದಳು.

ಲೀಗಿನ ಕಮಿಟಿ ಲೈಬ್ರರಿಯ ಕೋಣೆಯಲ್ಲಿ ಸೇರಿತು. ಡೆಟ್ಲೆಫ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ತಪ್ಪು ತನ್ನದೇ ಎಂದರು, ಕಾರಣ ಹೇಳಲಿಲ್ಲ. ಕೆಲಸ ಬಿಡಿಸಬೇಡಿ ಎಂದು ಒಮ್ಮೆ ಕೇಳಿದರು, ಅಷ್ಟೆ. "ಶನಿವಾರ ಬೆಳಿಗ್ಗೆ ಎದ್ದಾಗ ನಾನ್ಯಾರು ಅಂತ ಗೊತ್ತಿರತ್ತೆ. ಉಳಿದ ದಿನ ಸ್ವಲ್ಪ ಹೊತ್ತು ಬೇಕು." ಒಬ್ಬರೇ ಇರಕೂಡದು, ಅಳತೆಗೆ ಇನ್ನೊಬ್ಬರು ಜೊತೆಗಿರಬೇಕು ಎಂಬ ಷರತ್ತಿನ ಮೇಲೆ ಕಮಿಟಿಯವರು ಒಪ್ಪಿದರು.

ಜನವರಿಯಲ್ಲಿ ಡಾಕ್ಟರು ನೋಡಿದರು. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟಿನಿಂದ ಬರುವ ಈ ಮರೆವಿನ ಕಾಯಿಲೆ ಇದೆಯೆಂದು ಬದುಕಿರುವಾಗ ಖಚಿತವಾಗಿ ಹೇಳಲು ಬರುವುದಿಲ್ಲವಂತೆ, ಸತ್ತ ಮೇಲೆ ಮೆದುಳನ್ನು ಕೊಯ್ದು ನೋಡಬೇಕಂತೆ. ಡೆಟ್ಲೆಫ್ ಅಲ್ಲೇ ಮೆದುಳು ದಾನದ ಫಾರಂಗೆ ಸಹಿ ಹಾಕಿದರು. "ಆಡೋವಾಗ ನನ್ನ ಕಾಲನ್ನ ಯಾವ ದೊಡ್ಡ ಕ್ಲಬ್ಬೂ ಕೇಳಲಿಲ್ಲ," ಎಂದು ಗೌರಿಗೆ ಹೇಳಿದರು. "ತಲೆ ಬೇಕಂತೆ ಈಗ."

ಚಳಿಗಾಲವೆಲ್ಲ ಗೌರಿಯೇ ಟೇಪು ಹಿಡಿದರು. ಮಾರ್ಚಿನಲ್ಲಿ ಅಪ್ಪ ಬಂದರು. ನಸುಕಿನಲ್ಲೇ ಎದ್ದು ಸೋಫಾದಲ್ಲಿ ಕೂತು ಬೇಸತ್ತಿದ್ದ ಶಿವರುದ್ರಪ್ಪನವರಿಗೆ ಟೇಪು ಕಂಡದ್ದೇ ಹೋದ ಜೀವ ಬಂದ ಹಾಗಾಯಿತು. ಸರಪಳಿ ಹಿಡಿದು ಹಾವೇರಿಯ ಹೊಲಗಳನ್ನೆಲ್ಲ ಅಳೆದವರು ಅವರು. ಮೊದಲ ದಿನವೇ ತಮ್ಮ ಇಲಾಖೆಯ ಪದ್ಧತಿ ತಂದರು: ಈ ತುದಿಯಿಂದ ಅಳೆದದ್ದನ್ನು ಆ ತುದಿಯಿಂದ ಮತ್ತೆ ಅಳೆಯುವುದು, ಎರಡೂ ಕೂಡಿದರೆ ಮಾತ್ರ ಗುರುತು ಹಾಕುವುದು. "ಹೋಗೂ ಅಳತಿ, ಬರೂ ಅಳತಿ," ಎನ್ನುತ್ತಾರೆ. "ಒಂದ ಸಲ ಅಳದದ್ದು ಅಳತೀನs ಅಲ್ಲ. ತಪ್ಪು ಯಾರ ಕೈಯಾಗೂ ಇರ್ತದ."

ನಾಲ್ಕು ತಿಂಗಳು ಒಂದು ಚುಕ್ಕೆಯೂ ತಪ್ಪಲಿಲ್ಲ. ಪ್ರತಿ ಶನಿವಾರ ಡೆಟ್ಲೆಫ್ ಹೊಸದಾಗಿ ಕೈ ಕುಲುಕಿ ತಮ್ಮ ಹೆಸರು ಹೇಳುತ್ತಿದ್ದರು. ಶಿವರುದ್ರಪ್ಪನವರೂ ಪ್ರತಿ ಶನಿವಾರ ಹೊಸಬರಂತೆ ತಮ್ಮ ಹೆಸರು ಹೇಳುತ್ತಿದ್ದರು. ಇದು ಹೀಗೇ ನಡೆದುಕೊಂಡು ಹೋಗಬಹುದೆಂದು ಗೌರಿಗೆ ಆಸೆ ಹುಟ್ಟಿತ್ತು.

ಜುಲೈ ಹತ್ತೊಂಬತ್ತರ ಬೆಳಿಗ್ಗೆ ಶಿವರುದ್ರಪ್ಪನವರು ನೀರು ಕುಡಿಯಲು ನಲ್ಲಿಯ ಕಡೆ ಹೋದರು. ತಿರುಗಿ ನೋಡಿದರೆ ಡೆಟ್ಲೆಫ್ ಬಣ್ಣದ ಗಾಡಿ ತಳ್ಳಿಕೊಂಡು ಅಂಚಿನ ಗೆರೆ ಎಳೆಯುತ್ತ ಮೂಲೆಯ ಮೊಳೆಗೆ ಬಂದಿದ್ದರು. ಅಲ್ಲಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಮೊಳೆ ದಾಟಿ, ಹುಲ್ಲು ದಾಟಿ, ಕಾಲುಹಾದಿ ದಾಟಿ ನೇರವಾಗಿ ನಡೆದರು. ಮಿರಮಾರ್ ನೆಲೆಯ ಯುದ್ಧವಿಮಾನ ತಲೆಯ ಮೇಲೆ ಹಾರುತ್ತಿತ್ತು, ಶಿವರುದ್ರಪ್ಪನವರು ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ಪಾರ್ಕಿಂಗ್ ಜಾಗದ ಡಾಂಬರಿನ ಉದ್ದಕ್ಕೂ ಬಿಳಿ ಗೆರೆ ಹೋಗಿ, ರಸ್ತೆಯ ಅಂಚಿಗೆ ಬಣ್ಣ ತೀರಿದಾಗ ನಿಂತಿತು. ಶಿವರುದ್ರಪ್ಪನವರು ಓಡಿಹೋಗಿ ರಟ್ಟೆ ಹಿಡಿದುಕೊಂಡರು. ಡೆಟ್ಲೆಫ್ ಹಿಂದೆ ತಿರುಗಿ ತಾವೆಳೆದ ಗೆರೆಯನ್ನು ಬಹಳ ಹೊತ್ತು ನೋಡಿದರು.

"ಸಾಕು," ಎಂದರು ಕನ್ನಡದಲ್ಲಿ.

ಆ ಗೆರೆ ಇನ್ನೂ ಹೋಗಿಲ್ಲ. ಡಾಂಬರಿನ ಮೇಲೆ ಬಿದ್ದದ್ದು ಹುಲ್ಲಿನ ಮೇಲಿನದರಷ್ಟು ಬೇಗ ಅಳಿಸುವುದಿಲ್ಲ. ಜನ ಅದು ಪಾರ್ಕಿಂಗಿನ ಗುರುತೆಂದು ತಿಳಿದು ಅದರ ಪಕ್ಕಕ್ಕೆ ನೀಟಾಗಿ ಕಾರು ನಿಲ್ಲಿಸುತ್ತಾರೆ.

ಗೆರೆ ಎಳೆಯುವ ಕೆಲಸ ಅಂದಿಗೇ ಕೊನೆಗೊಂಡಿತು. ಈ ಸಲ ಕಮಿಟಿ ಸೇರುವ ಅಗತ್ಯವೂ ಬೀಳಲಿಲ್ಲ. ಸಬೀನೆ ತನ್ನ ಮನೆಯ ಹತ್ತಿರ, ಮರೆವಿನವರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯಲ್ಲಿ ಜಾಗ ಹಿಡಿದಿದ್ದಾಳೆ. ಬಾಗಿಲಿಗೆ ಒಳಗಿನಿಂದ ತೆರೆಯಲಾಗದ ಬೀಗವಿದೆ, ಹಿತ್ತಿಲಲ್ಲಿ ಕಾಂಕ್ರೀಟು. ಹುಲ್ಲಿದೆಯೇ ಎಂದು ಡೆಟ್ಲೆಫ್ ಕೇಳಿದರು. ಸಬೀನೆ ಕುಂಡಗಳಿವೆ ಎಂದಳು.

ಆಗಸ್ಟಿನ ಕೊನೆಯ ಶನಿವಾರ. ಹತ್ತಕ್ಕೆ ಸಬೀನೆ ಕರೆದೊಯ್ಯಲು ಬರುತ್ತಾಳೆ. ಮುಂದಿನ ವಾರ ಶಿವರುದ್ರಪ್ಪನವರೂ ಊರಿಗೆ ಹೊರಡುತ್ತಾರೆ. ಇನ್ನು ಗೆರೆಗೆ ಗುತ್ತಿಗೆಯವರು, ಲೇಸರ್ ಯಂತ್ರ. ಈ ಒಂದು ಬೆಳಿಗ್ಗೆ ಮಾತ್ರ ಮೊದಲ ಮೈದಾನವನ್ನು ಗೌರಿ ಬಿಡಿಸಿಕೊಂಡಿದ್ದಾರೆ. ಗಾಡಿ ಅವರೇ ತಳ್ಳುತ್ತಾರೆ, ಹಿರಿಯರಿಬ್ಬರಿಗೆ ಟೇಪು.

ಗೋಲಿನ ಗೆರೆಯ ಮೇಲೆ ಶಿವರುದ್ರಪ್ಪನವರು ಟೇಪಿನ ತಲೆಯೊತ್ತಿ ಕೂತಿದ್ದಾರೆ. ಡೆಟ್ಲೆಫ್ ಟೇಪು ಬಿಚ್ಚುತ್ತ ಹಿಂದೆ ಸರಿಯುತ್ತಾರೆ. ಹನ್ನೊಂದಕ್ಕೆ ಕೈ ನಿಲ್ಲುತ್ತದೆ. ಅವರು ಟೇಪನ್ನೇ ನೋಡುತ್ತ ನಿಂತಿರುತ್ತಾರೆ.

"ಇನ್ನೊಂದು ಗಜ ಜಗ್ರಿ, ಸಾಹೇಬ್ರ," ಎನ್ನುತ್ತಾರೆ ಕೊನೆಗೆ ಶಿವರುದ್ರಪ್ಪ, ಮೆಲ್ಲಗೆ.

"ಜಗ್ಗು," ಎನ್ನುತ್ತ ಡೆಟ್ಲೆಫ್ ಹನ್ನೆರಡಕ್ಕೆ ಸರಿಯುತ್ತಾರೆ. ಇಬ್ಬರೂ ತುದಿ ಬದಲಾಯಿಸಿ ಮತ್ತೆ ಅಳೆಯುತ್ತಾರೆ. ಅಳತೆ ಕೂಡುತ್ತದೆ. ಗೌರಿ ಅಂಗೈಯಗಲದ ಬಿಳಿ ಚುಕ್ಕೆ ಇಡುತ್ತಾರೆ.

ಫ್ಲಾಸ್ಕಿನ ಚಹಾ ಕುಡಿಯುವಾಗ ಗೌರಿ ಡೆಟ್ಲೆಫ್‌ಗೆ ಒಂದು ಸಂತೋಷದ ಸುದ್ದಿ ಹೇಳುತ್ತಾರೆ. ಕನ್ನಡದ ಪೇಪರೊಂದರ ವಾರದ ಪುರವಣಿಗೆ ಒಬ್ಬರು ಅವರ ಬಗ್ಗೆ ಬರೆಯುತ್ತಿದ್ದಾರೆ, ಅರ್ಧ ಪುಟ, ಫೋಟೋ ಸಮೇತ, ಮೇಲೆ ದೊಡ್ಡಕ್ಷರದಲ್ಲಿ ಹೆಸರು ಬರುತ್ತದೆ ಎಂದು.

ಡೆಟ್ಲೆಫ್ ಲೋಟ ಕೆಳಗಿಡುತ್ತಾರೆ. ಈಗಷ್ಟೇ ಇಟ್ಟ ಚುಕ್ಕೆಯ ಕಡೆ ನೋಡುತ್ತಾರೆ, ಗೋಲಿನ ಕಡೆ ನೋಡುತ್ತಾರೆ.

"ಪೇಪರಲ್ಲಿ ನನ್ನ ಹೆಸರಾ?" ಎಂದು ಕೇಳುತ್ತಾರೆ. "ಏನು ತಪ್ಪು ಮಾಡಿದೆ ನಾನು?"